ತಿಪ್ಪೆಗೆ ಬೆಲೆ ಬಂದಾಗ: ಕಸದಿಂದ ಕಸುಬು ಹುಟ್ಟುವ ಬಗೆ

ಕೃಷಿ ಮತ್ತು ಆರೋಗ್ಯ



ನಮ್ಮ ಹಿರಿಯರ ಮನೆಗಳಲ್ಲಿ ಬಿಸಾಡುವ ವಸ್ತು ಎಂಬುದೇ ಅಪರೂಪವಾಗಿತ್ತು. ರಾಗಿ ಹುಲ್ಲು ದನಕ್ಕೆ, ದನದ ಸಗಣಿ ತಿಪ್ಪೆಗೆ, ತಿಪ್ಪೆಯ ಗೊಬ್ಬರ ಹೊಲಕ್ಕೆ, ಹೊಲದ ರಾಗಿ ಮತ್ತೆ ಮನೆಗೆ. ಅಕ್ಕಿ ತೊಳೆದ ನೀರು ಕಲಗಚ್ಚಿಗೆ ಸೇರುತ್ತಿತ್ತು. ಒಲೆಯ ಬೂದಿ ಪಾತ್ರೆ ತಿಕ್ಕಲು ಒದಗುತ್ತಿತ್ತು. ಹಳೆಯ ಸೀರೆ ಮಕ್ಕಳಿಗೆ ಹೊದಿಕೆಯಾಗುತ್ತಿತ್ತು. ಇದಕ್ಕೆ ಯಾರೂ ದೊಡ್ಡ ಹೆಸರು ಇಟ್ಟಿರಲಿಲ್ಲ. ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ, ಆದ್ದರಿಂದ ಇದ್ದದ್ದನ್ನೇ ತಿರುಗಿ ತಿರುಗಿ ಬಳಸುತ್ತಿದ್ದರು, ಅಷ್ಟೇ.

ಇಂದು ನಮ್ಮ ಬೇರಿಕೆ, ಬಾಗಲೂರು, ಶೂಲಗಿರಿ ಸೀಮೆಯ ಬೇಸಾಯ ಬೇರೆಯಾಗಿದೆ. ಟೊಮೆಟೊ, ಕೋಸು, ದಪ್ಪ ಮೆಣಸಿನಕಾಯಿ, ಗುಲಾಬಿ, ಇವೇ ನಮ್ಮ ಬೆಳೆಗಳು. ಬೀಜ ಹೊರಗಿನಿಂದ ಬರುತ್ತದೆ, ಗೊಬ್ಬರ ಹೊರಗಿನಿಂದ ಬರುತ್ತದೆ, ಪ್ಲಾಸ್ಟಿಕ್ ಹಾಳೆ ಹೊರಗಿನಿಂದ ಬರುತ್ತದೆ. ಬೆಳೆದ ಮಾಲು ಹೊಸೂರಿಗೋ ಕೋಲಾರಕ್ಕೋ ಬೆಂಗಳೂರಿಗೋ ಹೋಗುತ್ತದೆ. ನಮ್ಮ ಬಳಿ ಉಳಿಯುವುದು ಸಾಲ, ಮತ್ತು ಬದುವಿನ ಮೇಲಿನ ಕಸ. ತೆಗೆದುಕೊಳ್ಳುವುದು, ಬಳಸುವುದು, ಬಿಸಾಡುವುದು ಎಂಬ ಈ ನೇರ ದಾರಿಯನ್ನು ಮತ್ತೆ ಸುತ್ತು ದಾರಿಯಾಗಿ ಮಾಡಬೇಕು, ಒಬ್ಬರ ಕಸ ಇನ್ನೊಬ್ಬರ ಕಚ್ಚಾವಸ್ತುವಾಗಬೇಕು ಎಂದು ಅರ್ಥಶಾಸ್ತ್ರಜ್ಞರು ಹೇಳುತ್ತಾರೆ. ಇದಕ್ಕೆ ‘ವರ್ತುಲ ಆರ್ಥಿಕತೆ’ ಎಂದು ಹೆಸರು. ಜಗದ್ಗುರು ಫ್ರಾನ್ಸಿಸ್‌ರವರು ಸಹ 2015ರಲ್ಲಿ ಹೊರಡಿಸಿದ ‘ಲೌದಾತೊ ಸೀ’ ಪರಿಪತ್ರದಲ್ಲಿ ಈ ವಿಷಯವನ್ನು ಎತ್ತಿದ್ದರು. ಪ್ರಕೃತಿಯಲ್ಲಿ ಒಂದರ ಉಳಿಕೆ ಇನ್ನೊಂದರ ಆಹಾರವಾಗುತ್ತದೆ, ನಮ್ಮ ಕೈಗಾರಿಕೆ ಮಾತ್ರ ಆ ಪಾಠವನ್ನು ಕಲಿತಿಲ್ಲ ಎಂಬುದು ಅವರ ಮಾತಿನ ಸಾರ.

ಮಾತು ಒಳ್ಳೆಯದೇ. ಆದರೆ ಒಳ್ಳೆಯ ಮಾತಿನಿಂದಷ್ಟೇ ಯಾರೂ ಕಸಕ್ಕೆ ಕೈ ಹಾಕುವುದಿಲ್ಲ. ಸಾಲ ಮಾಡಿ ಬಂಡವಾಳ ಹೂಡಿ, ಇತರರು ಎಸೆದದ್ದರಿಂದ ಬದುಕು ಕಟ್ಟಲು ಒಬ್ಬ ಗಂಡಸೋ ಹೆಂಗಸೋ ಮುಂದೆ ಬರಬೇಕಾದರೆ ಅವರನ್ನು ಮುಂದಕ್ಕೆ ತಳ್ಳುವ ಕಾರಣ ಬೇಕು. ಆ ಕಾರಣ ಯಾವುದು ಎಂಬುದರ ಮೇಲೆಯೇ ಅವರು ಕಂಡುಹಿಡಿಯುವ ಹೊಸ ಉಪಾಯ ಎಂಥದ್ದು, ಅದು ಎಷ್ಟು ದಿನ ಬಾಳುತ್ತದೆ ಎಂಬುದು ನಿಂತಿದೆ. ಈ ಬಾರಿ ಅದನ್ನೇ ವಿಚಾರ ಮಾಡೋಣ.

ನಾಲ್ಕು ಪ್ರೇರಣೆಗಳು

ನಮಗೆ ಕಾಣುವ ಮಟ್ಟಿಗೆ ಪ್ರೇರಣೆಗಳು ನಾಲ್ಕು. ಮೊದಲನೆಯದು ಅಭಾವ: ಬೇಕಾದ ವಸ್ತು ದುಬಾರಿಯಾದಾಗ ಅಥವಾ ಸಿಗದಾದಾಗ ಬದಲಿಯನ್ನು ಹುಡುಕುತ್ತೇವೆ. ಎರಡನೆಯದು ಕಾನೂನು: ಎಸೆಯಬಾರದು ಎಂದು ಸರ್ಕಾರ ಹೇಳಿದಾಗ ಎಸೆಯುತ್ತಿದ್ದವನು ದಾರಿ ಹುಡುಕುತ್ತಾನೆ. ಮೂರನೆಯದು ಗಿರಾಕಿ: ಕೊಳ್ಳುವವರು ಇದ್ದಾರೆ ಎಂದು ತಿಳಿದಾಗ ಕಸಕ್ಕೆ ಬೆಲೆ ಬರುತ್ತದೆ. ನಾಲ್ಕನೆಯದು ಹತ್ತಿರದ ತಿಳುವಳಿಕೆ: ಮಾಡಿ ತೋರಿಸುವ ಸಂಸ್ಥೆ, ನೋಡಿ ಕಲಿಯಲು ನೆರೆಯ ತೋಟ.

ಅಭಾವದಿಂದ ಹುಟ್ಟಿದ ಉಪಾಯ ಮನೆಯ ಖರ್ಚನ್ನು ಉಳಿಸುತ್ತದೆ, ನಿಧಾನವಾಗಿ ಬೇರು ಬಿಡುತ್ತದೆ. ಕಾನೂನಿನ ಭಯದಿಂದ ಹುಟ್ಟಿದ್ದು ಬೇಗ ಹಬ್ಬುತ್ತದೆ, ಆದರೆ ತಪಾಸಣೆ ಸಡಿಲವಾದರೆ ಬೇಗ ಒಣಗುತ್ತದೆ. ಗಿರಾಕಿಗಾಗಿ ಹುಟ್ಟಿದ್ದು ಗುಣಮಟ್ಟವನ್ನು ಕಲಿಸುತ್ತದೆ, ಆದರೆ ಗಿರಾಕಿಯ ಮನಸ್ಸು ಬದಲಾದರೆ ಬೀಳುತ್ತದೆ. ತಿಳುವಳಿಕೆ ಒಂದೇ ಇದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ. ಎರಡು ಮೂರು ಪ್ರೇರಣೆಗಳು ಒಂದೇ ಕಡೆ ಕೂಡಿದಾಗ ಮಾತ್ರ ಕಸುಬು ನಿಲ್ಲುತ್ತದೆ. ಇದಕ್ಕೆ ನಮ್ಮ ಕಣ್ಣ ಮುಂದಿನ ಉದಾಹರಣೆ ಸಸಿ ನರ್ಸರಿ.

ನಾರಿನ ಪುಡಿಯ ಕಥೆ

ತೆಂಗಿನ ಕಾಯಿಮಟ್ಟೆಯಿಂದ ನಾರು ತೆಗೆಯುವಾಗ ಕಂದು ಬಣ್ಣದ ಪುಡಿ ಉದುರುತ್ತದೆ. ಮಟ್ಟೆಯ ತೂಕದಲ್ಲಿ ನಾರು ಸುಮಾರು ಮೂರನೆಯ ಒಂದು ಪಾಲು, ಉಳಿದ ಹೆಚ್ಚಿನ ಪಾಲು ಈ ಪುಡಿ. ಹಗ್ಗ, ಚಾಪೆ, ಹಾಸಿಗೆಗೆ ನಾರು ಹೋದ ಮೇಲೆ ಪುಡಿಯನ್ನು ಕೇಳುವವರೇ ಇರಲಿಲ್ಲ. ಪೊಳ್ಳಾಚಿ, ತಿಪಟೂರು ಮುಂತಾದ ತೆಂಗಿನ ಸೀಮೆಗಳಲ್ಲಿ ನಾರಿನ ಗಿರಣಿಗಳ ಪಕ್ಕ ಇದು ಗುಡ್ಡೆ ಗುಡ್ಡೆಯಾಗಿ ಬಿದ್ದಿರುತ್ತಿತ್ತು. ಲಿಗ್ನಿನ್ ಎಂಬ ಗಟ್ಟಿ ಅಂಶ ಹೆಚ್ಚಾಗಿರುವುದರಿಂದ ಬೇಗ ಕೊಳೆಯುವುದಿಲ್ಲ. ಮಳೆ ಬಂದರೆ ಕಂದು ನೀರು ಹಳ್ಳಕ್ಕೆ ಇಳಿಯುತ್ತಿತ್ತು. ಬೆಂಕಿ ಹತ್ತಿದರೆ ದಿನಗಟ್ಟಲೆ ಹೊಗೆಯಾಡುತ್ತಿತ್ತು. ಗಿರಣಿಯವರಿಗೆ ಜಾಗದ ಚಿಂತೆ, ಊರಿನವರಿಗೆ ಕೆಮ್ಮು.

ಇದೇ ಕಾಲದಲ್ಲಿ ತರಕಾರಿ ಬೆಳೆಗಾರರಿಗೆ ಬೇರೆ ಚಿಂತೆ ಹತ್ತಿತು. ಹಿಂದೆ ಮನೆಯ ಬೀಜವನ್ನು ಒಟ್ಲು ಪಾತಿಯಲ್ಲಿ ಚೆಲ್ಲಿದರೆ ಅರ್ಧ ಹುಟ್ಟಿದರೂ ನಷ್ಟವಿರಲಿಲ್ಲ. ಹೈಬ್ರಿಡ್ ಬೀಜ ಬಂದ ಮೇಲೆ ಒಂದೊಂದು ಬೀಜಕ್ಕೂ ಬೆಲೆ ಬಂತು. ಪಾತಿಯಲ್ಲಿ ಸಸಿ ಕೊಳೆ ರೋಗ ಬಂದರೆ ರಾತ್ರಿ ಬೆಳಗಾಗುವುದರಲ್ಲಿ ನೂರಾರು ರೂಪಾಯಿ ಮಣ್ಣುಪಾಲು. ಕಿತ್ತು ನೆಡುವಾಗ ಬೇರು ಹರಿದು ಇನ್ನಷ್ಟು ಸಸಿ ಸಾಯುತ್ತಿತ್ತು. ಒಂದು ಬೀಜವೂ ಹಾಳಾಗದ ಹಾಗೆ ಸಸಿ ಬೆಳೆಸುವುದು ಹೇಗೆ ಎಂಬುದೇ ಪ್ರಶ್ನೆಯಾಯಿತು.

ಈ ಎರಡು ತೊಂದರೆಗಳೂ ಒಂದೆಡೆ ಸೇರಿದ್ದು ಪ್ಲಾಸ್ಟಿಕ್ ಟ್ರೇಯ ಕುಳಿಯಲ್ಲಿ. ನಾರಿನ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ, ಹಗುರವಾಗಿರುತ್ತದೆ, ಬೇರಿಗೆ ಗಾಳಿ ಬಿಡುತ್ತದೆ. ಹೊಲದ ಮಣ್ಣಿನಲ್ಲಿರುವ ರೋಗಗಳ ಕಾಟ ಅದರಲ್ಲಿ ಕಡಿಮೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಟ್ರೇಯಲ್ಲಿ ಸಸಿ ಬೆಳೆಸುವ ಕ್ರಮವನ್ನು ರೈತರಿಗೆ ಕಲಿಸಿದರು. 98 ಕುಳಿಗಳ ಟ್ರೇ, ಕುಳಿಗೆ ಒಂದು ಬೀಜ, ಟ್ರೇ ಒಂದಕ್ಕೆ ಸುಮಾರು 1.2 ಕೆ.ಜಿ. ಪುಡಿ, ಮೊಳಕೆಗೆ ಕೆಲವು ದಿನ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಮುಚ್ಚುವುದು, ನಂತರ ನೆರಳು ಬಲೆಯ ಕೆಳಗೆ ಹರಡುವುದು. ನಾಲ್ಕು ವಾರದ ಒಳಗೆ ಟೊಮೆಟೊ ಸಸಿ ಸಿದ್ಧ. ನಾಲ್ಕು ಅಡಿ ಸಾಲು, ಒಂದೂವರೆ ಅಡಿ ಗಿಡದ ಅಂತರ ಎಂದು ಲೆಕ್ಕ ಹಾಕಿದರೆ ಎಕರೆಗೆ 7,260 ಸಸಿ ಬೇಕು. ಅದಕ್ಕೆ 75 ಟ್ರೇ, ಸುಮಾರು 90 ಕೆ.ಜಿ. ಪುಡಿ. ಒಂದು ಎಕರೆಗೆ ಇಷ್ಟಾದರೆ ಹೊಸೂರು, ಮಾಲೂರು, ಕೋಲಾರ ಸೀಮೆಯ ಸಾವಿರಾರು ಎಕರೆಗೆ ಎಷ್ಟಾಯಿತು ಎಂದು ಯೋಚಿಸಿ. ಗುಡ್ಡೆ ಬಿದ್ದಿದ್ದ ಪುಡಿಗೆ ಹೀಗೆ ಬೆಲೆ ಬಂತು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ನಾರಿನ ಪುಡಿಯನ್ನು ಹಾಗೆಯೇ ಬಳಸಲು ಬರುವುದಿಲ್ಲ. ಅದರಲ್ಲಿ ಉಪ್ಪಿನ ಅಂಶ ಇರುತ್ತದೆ, ಎಳೆಯ ಬೇರನ್ನು ಅದು ಸುಡುತ್ತದೆ. ಆದ್ದರಿಂದ ಹೊಸ ಹೊಸ ಉಪಾಯಗಳು ಬೇಕಾದವು. ಪುಡಿಯನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ ಇಟ್ಟಿಗೆಯಂತೆ ಒತ್ತುವ ಕಸುಬು ಬೆಳೆಯಿತು. ಯೂರೋಪಿನ ಗಾಜಿನ ಮನೆಗಳವರು ಜೌಗು ಭೂಮಿಯಿಂದ ಅಗೆಯುವ ಪೀಟ್ ಮಣ್ಣಿಗೆ ಬದಲಿ ಹುಡುಕುತ್ತಿದ್ದುದರಿಂದ ಆ ಇಟ್ಟಿಗೆ ಹಡಗು ಹತ್ತಿತು. ಅವರು ಉಪ್ಪಿನ ಅಂಶವನ್ನು ಅಳೆದು ನೋಡಿ ಕೊಳ್ಳುವವರು. ಹಾಗಾಗಿ ನಮ್ಮವರೂ ಅಳೆಯುವುದನ್ನು ಕಲಿತರು. ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯದವರು ಅಣಬೆಯ ಬೀಜ ಮತ್ತು ಯೂರಿಯಾ ಸೇರಿಸಿ ಪುಡಿಯನ್ನು ಗೊಬ್ಬರ ಮಾಡುವ ಕ್ರಮ ಹೇಳಿಕೊಟ್ಟರು. ಕಾಯರ್ ಬೋರ್ಡಿನವರು ‘ಪಿತ್‌ಪ್ಲಸ್’ ಎಂಬ ಸೂಕ್ಷ್ಮಜೀವಿ ಮಿಶ್ರಣ ತಂದರು. ಹೆಸರಘಟ್ಟದಿಂದ ಹುದುಗಿಸಿದ ಪುಡಿ ‘ಅರ್ಕಾ ಫರ್ಮೆಂಟೆಡ್ ಕೋಕೋಪೀಟ್’ ಬಂತು. ಅಭಾವ, ಗಿರಾಕಿ, ತಿಳುವಳಿಕೆ ಮೂರೂ ಕೂಡಿದ್ದರಿಂದಲೇ ಈ ಕಸುಬು ನಿಂತಿತು. ಸಸಿ ಮಾರುವ ನರ್ಸರಿ, ಸಸಿ ಸಾಗಿಸುವ ಗಾಡಿ, ಬೀಜ ಹಾಕುವ ಹೆಣ್ಣುಮಕ್ಕಳ ಕೂಲಿ, ಎಲ್ಲಕ್ಕೂ ಆಧಾರ ಒಂದು ಕಾಲದ ಕಸವೇ.

ನೆರೆಹೊರೆಯ ಒಪ್ಪಂದ

ಇದು ನಮ್ಮ ಸೀಮೆಯ ಮಾತು ಮಾತ್ರವಲ್ಲ. ಡೆನ್ಮಾರ್ಕ್ ದೇಶದ ಕಾಲುಂಡ್‌ಬೋರ್ ಎಂಬ ಚಿಕ್ಕ ಬಂದರು ಪಟ್ಟಣವನ್ನು ಲೋಕದವರೆಲ್ಲ ಹೋಗಿ ನೋಡುತ್ತಾರೆ. ಅಲ್ಲಿ ಅಂತರ್ಜಲ ಸಾಲದಾಗಿ ತೈಲ ಶುದ್ಧೀಕರಣ ಕಾರ್ಖಾನೆ 1961ರಲ್ಲಿ ಕೆರೆಯ ನೀರು ತರಿಸಿತು. 1972ರಲ್ಲಿ ಅದೇ ಕಾರ್ಖಾನೆ ಸುಮ್ಮನೆ ಉರಿಸುತ್ತಿದ್ದ ಅನಿಲವನ್ನು ಪಕ್ಕದ ಜಿಪ್ಸಂ ಹಲಗೆ ಕಾರ್ಖಾನೆಗೆ ಕೊಟ್ಟಿತು. ವಿದ್ಯುತ್ ಕೇಂದ್ರದ ಶಾಖ ಊರಿನ ಮನೆಗಳಿಗೆ ಹೋಯಿತು, ಔಷಧ ಕಾರ್ಖಾನೆಯ ಬಗ್ಗಡ ರೈತರ ಹೊಲಗಳಿಗೆ ಹೋಯಿತು. ಯಾರೂ ಮೇಲೆ ಕುಳಿತು ಯೋಜನೆ ಹಾಕಿ ಮಾಡಿಸಿದ್ದಲ್ಲ. ನೀರಿನ ಅಭಾವ ಇತ್ತು, ನೆರೆಯವರ ಪರಿಚಯ ಇತ್ತು, ಇಬ್ಬರಿಗೂ ಲಾಭವಿತ್ತು, ಒಂದೊಂದಾಗಿ ಒಪ್ಪಂದ ಮಾಡಿಕೊಂಡರು. ನಮ್ಮ ಊರುಗಳಲ್ಲಿ ಕುರಿ ಮಂದೆಯನ್ನು ಹೊಲದಲ್ಲಿ ನಿಲ್ಲಿಸಿಕೊಂಡು ಕುರಿಯವರಿಗೆ ರಾಗಿ ಅಳೆಯುತ್ತಿದ್ದದ್ದೂ ಇಂಥ ಒಪ್ಪಂದವೇ.

ಕೋಲಾರದ ಬಗ್ಗಡ

ಗೋಬರ್ ಗ್ಯಾಸ್ ನಮಗೆ ಹೊಸದಲ್ಲ. ಸರ್ಕಾರದ ರಾಷ್ಟ್ರೀಯ ಯೋಜನೆ 1981-82ರಲ್ಲಿ ಆರಂಭವಾಯಿತು. ಕಬ್ಬಿಣದ ಡ್ರಮ್ ಬೇಕಿಲ್ಲದ, ಇಟ್ಟಿಗೆಯ ಗುಮ್ಮಟದ ‘ದೀನಬಂಧು’ ಮಾದರಿಯನ್ನು 1984ರಲ್ಲಿ ‘ಅಫ್‌ಪ್ರೋ’ ಸಂಸ್ಥೆ ರೂಪಿಸಿತು. ಡ್ರಮ್ಮಿನ ಬೆಲೆ ಬಡ ರೈತನ ಕೈಗೆ ಎಟುಕುತ್ತಿರಲಿಲ್ಲ, ಅದೂ ತುಕ್ಕು ಹಿಡಿಯುತ್ತಿತ್ತು. ಆ ಅಭಾವದಿಂದ ಹುಟ್ಟಿದ ಉಪಾಯ ಇದು. ಹೆಸರೇ ಅದನ್ನು ಹೇಳುತ್ತದೆ.

ಆದರೂ ಸಹಾಯಧನ ಬರುತ್ತದೆಂದು ಕಟ್ಟಿಸಿ, ದನ ಮಾರಿದ ಮೇಲೆ ಪಾಳು ಬಿಟ್ಟ ಗುಂಡಿಗಳನ್ನು ಹಳ್ಳಿಗಳಲ್ಲಿ ಕಾಣುತ್ತೇವೆ. ಕಟ್ಟುವ ತನಕ ಪ್ರೇರಣೆ ಇತ್ತು, ನಡೆಸುವುದಕ್ಕೆ ಪ್ರೇರಣೆ ಇರಲಿಲ್ಲ. ಈ ಲೋಪವನ್ನು ಕಂಡುಕೊಂಡವರಲ್ಲಿ ನಮ್ಮ ಗಡಿಯಾಚೆಯ ಕೋಲಾರದ ಎಸ್‌.ಕೆ.ಜಿ. ಸಂಘ ಒಂದು. ಅವರು ದೀನಬಂಧು ಗುಂಡಿ ಕಟ್ಟಿಕೊಡುವುದರ ಜೊತೆಗೆ ಹೊರಬರುವ ಬಗ್ಗಡವನ್ನು ಎರೆಗೊಬ್ಬರ ಮಾಡುವ ತೊಟ್ಟಿಯನ್ನೂ ಸೇರಿಸಿದರು. ಅಡಿಗೆಗೆ ಗ್ಯಾಸ್, ಹೊಲಕ್ಕೆ ಗೊಬ್ಬರ, ಹೆಚ್ಚಾದ ಎರೆಗೊಬ್ಬರ ಮಾರಿದರೆ ಮನೆಯ ಹೆಂಗಸರ ಕೈಗೆ ಕಾಸು. ಕೈಗೆ ಕಾಸು ಬರುವ ಕಾರಣ ಗುಂಡಿಗೆ ದಿನಾ ಸಗಣಿ ಬೀಳುತ್ತದೆ. ಈ ಕೆಲಸಕ್ಕೆ 2007ರಲ್ಲಿ ಇಂಗ್ಲೆಂಡಿನ ಆಶ್ಡೆನ್ ಪ್ರಶಸ್ತಿ ಬಂತು. ಗುಂಡಿಯ ವಿನ್ಯಾಸ ಹಳೆಯದೇ. ಗೃಹಿಣಿಗೆ ಆದಾಯ ಸಿಗುವಂತೆ ಜೋಡಿಸಿದ್ದೇ ಅಲ್ಲಿನ ಹೊಸತು.

ಲೆಕ್ಕ ಹೀಗಿದೆ. ಒಂದು ಕೆ.ಜಿ. ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್. ಎರಡು ಘನ ಮೀಟರ್ ಗುಂಡಿಗೆ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ಬೇಕು, ಅಂದರೆ ಕೊಟ್ಟಿಗೆಯಲ್ಲಿ ಕಟ್ಟಿ ಸಾಕುವ ನಾಲ್ಕೈದು ದನ. ಒಂದೇ ಹಸು ಇರುವ ಮನೆಗೆ ದೊಡ್ಡ ಗುಂಡಿ ಹೊರೆಯೇ ಸರಿ.

ಆರೋಗ್ಯದ ಮಾತು ಇಲ್ಲೇ ಹೇಳಬೇಕು. ಸೌದೆ, ಬೆರಣಿಯ ಹೊಗೆ ತಾಯಂದಿರ ಮತ್ತು ತೊಡೆಯ ಮೇಲಿನ ಮಕ್ಕಳ ಶ್ವಾಸಕೋಶವನ್ನು ಕೆಡಿಸುತ್ತದೆ, ಕಣ್ಣಿಗೂ ಕೇಡು. ಗ್ಯಾಸಿನ ಒಲೆ ಈ ಹೊಗೆಯಿಂದ ಬಿಡುಗಡೆ ಕೊಡುತ್ತದೆ. ಆದರೆ ಗುಂಡಿ ಕಟ್ಟಿಕೊಂಡಿತೆಂದು ಯಾರೂ ಒಳಕ್ಕೆ ಇಳಿಯಕೂಡದು. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ, ವಿಷಾನಿಲ ನಿಂತಿರುತ್ತದೆ. ಒಬ್ಬ ಬಿದ್ದನೆಂದು ರಕ್ಷಿಸಲು ಇಳಿದವನೂ ಸಾಯುತ್ತಾನೆ. ಬೆಂಕಿಕಡ್ಡಿ ಗೀರಿ ಒಳಗೆ ನೋಡುವುದಂತೂ ಬೇಡವೇ ಬೇಡ. ಕಟ್ಟಿದವರನ್ನೇ ಕರೆಸಿ.

ಮಾವಿನ ವಾಟೆ ಮತ್ತು ರೇಷ್ಮೆ ಗೂಡು

ನಮ್ಮ ಕೃಷ್ಣಗಿರಿ ಜಿಲ್ಲೆ ಮಾವಿಗೆ ಹೆಸರಾದುದು. ತೋತಾಪುರಿ ಹಣ್ಣು ತಿರುಳಿನ ಕಾರ್ಖಾನೆಗಳಿಗೆ ಹೋಗುತ್ತದೆ. ತಿರುಳು ಡಬ್ಬಕ್ಕೆ ಸೇರಿದ ಮೇಲೆ ಸಿಪ್ಪೆ, ವಾಟೆ ಉಳಿಯುತ್ತವೆ. ಅವು ಹಣ್ಣಿನ ತೂಕದಲ್ಲಿ ದೊಡ್ಡ ಪಾಲು. ರಾಶಿ ಹಾಕಿದರೆ ಎರಡೇ ದಿನದಲ್ಲಿ ಹುಳಿ ವಾಸನೆ, ನೊಣ. ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮಗಳಿರುವುದರಿಂದ ಕಂಡ ಕಂಡಲ್ಲಿ ಸುರಿಯುವಂತಿಲ್ಲ. ಇದು ಕಾನೂನಿನ ಪ್ರೇರಣೆ.

ಗಿರಾಕಿಯ ಪ್ರೇರಣೆಯೂ ಇದೆ. ವಾಟೆ ಒಡೆದರೆ ಸಿಗುವ ಬೀಜದಲ್ಲಿ ಗಟ್ಟಿ ಕೊಬ್ಬು ಇದೆ. ಅದರ ಗುಣ ಕೋಕೋ ಬೆಣ್ಣೆಗೆ ಹತ್ತಿರ. ಯೂರೋಪಿನ ಒಕ್ಕೂಟ 2000ದಲ್ಲಿ ಮಾಡಿದ ಚಾಕಲೇಟ್ ನಿಯಮದಲ್ಲಿ, ನೂರಕ್ಕೆ ಐದು ಪಾಲಿನವರೆಗೆ ಸೇರಿಸಬಹುದಾದ ಆರು ಸಸ್ಯಕೊಬ್ಬುಗಳ ಪೈಕಿ ಮಾವಿನ ಬೀಜದ ಕೊಬ್ಬೂ ಒಂದು. ನಾವು ಎಸೆಯುವ ವಾಟೆಗೆ ಇಂಥ ದಾರಿಯೊಂದು ಇದೆ.

ಆದರೂ ನಾರಿನ ಪುಡಿಯಂತೆ ಇದು ಮನೆಮನೆಯ ಕಸುಬಾಗಲಿಲ್ಲ ಏಕೆ? ಕಾರಣ ಸರಳ. ತೆಂಗಿನ ಮಟ್ಟೆ ವರ್ಷವಿಡೀ ಸಿಗುತ್ತದೆ, ಒಣ ಪುಡಿ ಕೆಡುವುದಿಲ್ಲ. ಮಾವಿನ ಕಾಲ ಎರಡು ಮೂರು ತಿಂಗಳು. ವಾಟೆಯನ್ನು ಕೂಡಲೇ ತೊಳೆದು ಒಣಗಿಸದಿದ್ದರೆ ಬೂಷ್ಟು ಬರುತ್ತದೆ, ಕೊಬ್ಬು ಕೆಡುತ್ತದೆ. ಉಳಿದ ಒಂಬತ್ತು ತಿಂಗಳು ಯಂತ್ರ ಸುಮ್ಮನೆ ನಿಂತರೆ ಬಡ್ಡಿ ನಿಲ್ಲುವುದಿಲ್ಲ. ಕಸ ಎಷ್ಟಿದೆ ಎಂಬುದರಷ್ಟೇ ಮುಖ್ಯ ಅದು ಎಷ್ಟು ಕ್ರಮವಾಗಿ ಬರುತ್ತದೆ ಎಂಬುದು. ಟೊಮೆಟೊ ಬೆಲೆ ಬಿದ್ದು ರಸ್ತೆಗೆ ಸುರಿಯುವಾಗ ಇದರಿಂದ ಕಾರ್ಖಾನೆ ಮಾಡಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಒಂದು ವರ್ಷ ಸುರಿಯುವಷ್ಟು, ಮರುವರ್ಷ ಬಂಗಾರದ ಬೆಲೆ ಎಂದಾದರೆ ಆ ಕಾರ್ಖಾನೆ ನಡೆಯುವುದು ಕಷ್ಟ.

ರೇಷ್ಮೆಯಲ್ಲಿ ಈ ಕ್ರಮ ಇದೆ. ಗೂಡಿನಿಂದ ನೂಲು ತೆಗೆದ ಮೇಲೆ ಉಳಿಯುವ ಕೋಶದಲ್ಲಿ ಸಾರಜನಕದ ಆಹಾರಾಂಶವೂ ಎಣ್ಣೆಯೂ ಹೇರಳ. ಒಣಗಿದ ಕೋಶದ ತೂಕದಲ್ಲಿ ಸುಮಾರು ಅರ್ಧ ಪ್ರೋಟೀನ್. ಅದು ಮೀನು, ಕೋಳಿ ಆಹಾರಕ್ಕೆ ಹೋಗುತ್ತದೆ. ಶಿಡ್ಲಘಟ್ಟ, ರಾಮನಗರದ ಕಡೆ ವರ್ಷವಿಡೀ ನೂಲು ತೆಗೆಯುವುದರಿಂದ ಕೋಶ ಕೊಳ್ಳುವವರೂ ವರ್ಷವಿಡೀ ಇರುತ್ತಾರೆ. ರೈತನ ಹುಳಮನೆಯಲ್ಲಿ ಉಳಿಯುವ ಹಿಕ್ಕೆ, ತಿಂದುಳಿದ ಸೊಪ್ಪು, ಕಡ್ಡಿ ಒಳ್ಳೆಯ ಗೊಬ್ಬರ. ಆದರೆ ಹುಳಕ್ಕೆ ರೋಗ ಬಂದಿದ್ದ ಬೆಳೆಯ ಕಸವನ್ನು ಹಿಪ್ಪುನೇರಳೆ ತೋಟಕ್ಕೆ ಹಸಿಯಾಗಿ ಹಾಕಬೇಡಿ. ಚೆನ್ನಾಗಿ ಕಳಿಸಿದ ಮೇಲೆಯೇ ಹಾಕಿ.

ದೂರದ ಗಿರಾಕಿ

ಒಂದೇ ಪ್ರೇರಣೆಯನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅಡಿಕೆ ಹಾಳೆಯ ತಟ್ಟೆ ಎಚ್ಚರಿಕೆಯ ಪಾಠ. ತೋಟದಲ್ಲಿ ಬಿದ್ದು ಕೊಳೆಯುತ್ತಿದ್ದ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವ ಘಟಕಗಳು ಮಲೆನಾಡು, ಕರಾವಳಿಯಲ್ಲಿ ಎದ್ದವು. ಕರ್ನಾಟಕ 2016ರಲ್ಲಿ, ತಮಿಳುನಾಡು 2019ರ ಜನವರಿಯಿಂದ, ಕೇಂದ್ರ ಸರ್ಕಾರ 2022ರ ಜುಲೈಯಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದಾಗ ಅವಕ್ಕೆ ಬಲ ಬಂತು. ಹೊರದೇಶಗಳಿಗೂ ತಟ್ಟೆ ಹೋಯಿತು. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಡಿಕೆಯಲ್ಲಿರುವ ಕ್ಷಾರ ವಸ್ತುಗಳು ಹಾಳೆಯಿಂದ ಆಹಾರಕ್ಕೆ ಇಳಿಯಬಹುದು, ಅಂಥ ತಟ್ಟೆಯನ್ನು ಬಳಸಕೂಡದು ಎಂದು ಸಾರಿತು. ಅಲ್ಲಿನ ಮಾರುಕಟ್ಟೆಯನ್ನೇ ನಂಬಿ ಯಂತ್ರ ಕೊಂಡವರಿಗೆ ಇದು ಪೆಟ್ಟು. ಕಸದಿಂದ ಮಾಡಿದ ಮಾತ್ರಕ್ಕೆ ವಸ್ತು ನಿರಪಾಯ ಎಂದು ಲೋಕ ಒಪ್ಪುವುದಿಲ್ಲ. ಪರೀಕ್ಷೆ ಮಾಡಿಸಿದ ಕಾಗದ ಕೈಯಲ್ಲಿರಬೇಕು, ಹತ್ತಿರದ ಗಿರಾಕಿಯೂ ಇರಬೇಕು.

ಸುತ್ತು ಸೇರದ ವಸ್ತುಗಳು

ನಮ್ಮ ಹೊಲಗಳಲ್ಲಿ ಇನ್ನೂ ಯಾರ ಕಸುಬಿಗೂ ಸರಿಯಾಗಿ ಸೇರದ ಕಸ ಎಂದರೆ ಮಲ್ಚಿಂಗ್ ಹಾಳೆ. ಕಳೆ ಬರದಂತೆ, ತೇವ ಆರದಂತೆ ಅದು ಸಹಾಯ ಮಾಡುತ್ತದೆ, ನಿಜ. ಆದರೆ ತೆಳು ಹಾಳೆ ಒಂದೇ ಬೆಳೆಗೆ ಹರಿದು, ಮಣ್ಣು ಮೆತ್ತಿಕೊಂಡು, ಗುಜರಿಯವನಿಗೂ ಬೇಡವಾಗುತ್ತದೆ. ಕೆಲವರು ಉಳುಮೆಯಲ್ಲಿ ಸೇರಿಸುತ್ತಾರೆ, ಕೆಲವರು ಬದುವಿನಲ್ಲಿ ಸುಡುತ್ತಾರೆ. ಎರಡೂ ಕೇಡು. ಆ ಹೊಗೆಯನ್ನು ಮೊದಲು ಕುಡಿಯುವುದು ನಮ್ಮದೇ ಮಕ್ಕಳು. ಸ್ವಲ್ಪ ದಪ್ಪ ಹಾಳೆ ಕೊಂಡರೆ ಹರಿಯದೆ ಎತ್ತಿಕೊಳ್ಳಲು ಬರುತ್ತದೆ. ಮಣ್ಣು ಉದುರಿಸಿ ಸುತ್ತಿ ಒಣಗಿಸಿ ಇಟ್ಟರೆ, ಹಲವು ರೈತರದು ಒಟ್ಟಾದರೆ, ಕೊಳ್ಳುವವರು ಬರುವ ಸಂಭವ ಉಂಟು. ಹತ್ತು ಮನೆಯ ಹಾಳೆಯನ್ನು ಒಂದೆಡೆ ಕೂಡಿಸಿ ಶುಚಿ ಮಾಡಿ ಸಾಗಿಸುವ ಕೆಲಸವೇ ಒಬ್ಬ ಯುವಕನಿಗೆ ಹೊಸ ಕಸುಬಾಗಬಹುದು.

ಗುಲಾಬಿ ತೋಟದವರಿಗೆ ಒಂದು ಮಾತು. ಸವರಿದ ಕಡ್ಡಿ, ಮಾರಾಟವಾಗದ ಹೂವು ಹಸಿರಾಗಿ ಕಾಣುತ್ತವೆಂದು ದನಕ್ಕೆ ಹಾಕಬೇಡಿ. ಮೇಲಿಂದ ಮೇಲೆ ಔಷಧ ಹೊಡೆದ ಗಿಡ ಅದು. ವಿಷ ಹಾಲಿಗೆ ಇಳಿಯುವ ಅಪಾಯವಿದೆ. ರೋಗ ತಗುಲಿದ ಕಡ್ಡಿಯನ್ನು ತೋಟದಿಂದ ದೂರ ಸಾಗಿಸಿ, ಬೇರೆಯೇ ಗುಂಡಿಯಲ್ಲಿ ಕಳಿಸಿ. ಔಷಧದ ಖಾಲಿ ಡಬ್ಬಿಗಳನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಸುರಿದು, ಡಬ್ಬಿಗೆ ತೂತು ಮಾಡಿಡಿ. ನೀರು, ಎಣ್ಣೆ ತುಂಬಿಸಲು ಅದನ್ನು ಮನೆಯೊಳಗೆ ತರಲೇಬಾರದು.

ಹೊಲದ ಪಾಲು, ಬಡವರ ಪಾಲು

ಕಸಕ್ಕೆ ಬೆಲೆ ಬರುವುದು ಸಂತೋಷವೇ. ಆದರೆ ಬೆಲೆ ಬಂದ ದಿನ ಎರಡು ಪ್ರಶ್ನೆ ಕೇಳಿಕೊಳ್ಳಬೇಕು.

ಮೊದಲನೆಯದು, ಹೊಲಕ್ಕೆ ಏನು ಉಳಿಯಿತು? ಸಗಣಿಯನ್ನು ಲೋಡುಗಟ್ಟಲೆ ಮಾರಿ, ರಾಗಿ ಹುಲ್ಲನ್ನೂ ಮಾರಿ, ಆ ಹಣದಲ್ಲಿ ಗೊಬ್ಬರದ ಮೂಟೆ ತಂದರೆ ಲೆಕ್ಕದ ಪುಸ್ತಕದಲ್ಲಿ ಲಾಭ ಕಾಣಬಹುದು. ಮಣ್ಣಿನಲ್ಲಿರುವ ಜೀವಾಂಶ ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಮಳೆ ನೀರನ್ನು ಹಿಡಿಯುವ ಶಕ್ತಿಯೂ ಇಳಿಯುತ್ತದೆ. ನಮ್ಮದು ಕೊಳವೆ ಬಾವಿ ಬತ್ತುವ ಸೀಮೆ. ತೇವ ಹಿಡಿಯದ ಮಣ್ಣು ಇಟ್ಟುಕೊಂಡು ನಾವು ಬಾಳಲಾರೆವು. ಆದ್ದರಿಂದ ಹೊಲದ ಪಾಲನ್ನು ಮೊದಲು ತೆಗೆದಿಟ್ಟು ಮಿಕ್ಕಿದ್ದನ್ನು ಮಾರುವುದು ಕ್ರಮ. ಗೋಬರ್ ಗ್ಯಾಸಿನ ಹೆಚ್ಚುಗಾರಿಕೆ ಇಲ್ಲೇ ಇದೆ: ಉರುವಲು ತೆಗೆದ ಮೇಲೂ ಗೊಬ್ಬರದ ಸಾರ ಬಗ್ಗಡದಲ್ಲಿ ಉಳಿದು ಹೊಲಕ್ಕೆ ಮರಳುತ್ತದೆ.

ಎರಡನೆಯದು, ಇದುವರೆಗೆ ಆ ಕಸವನ್ನು ನಂಬಿದ್ದವರು ಯಾರು? ದಾರಿಯ ಸಗಣಿ ಆಯ್ದು ಬೆರಣಿ ತಟ್ಟುವ ಮುದುಕಿ, ಕೊಯ್ದ ಹೊಲದಲ್ಲಿ ಆಡು ಮೇಯಿಸುವ ಹುಡುಗ, ಕೋಸಿನ ಹೊರ ಎಲೆ ಕೇಳಿ ಒಯ್ದು ಒಂದೇ ಹಸುವನ್ನು ಸಾಕುವ ಕೂಲಿಯ ಮನೆ, ಇವರೆಲ್ಲ ಕಾಸು ಕೊಡದೆ ಪಡೆಯುತ್ತಿದ್ದುದು ಅದನ್ನೇ. ಅದಕ್ಕೆ ದಲ್ಲಾಳಿ ಬಂದು ಬೆಲೆ ಕಟ್ಟಿದಾಗ ಮೊದಲು ಕಳೆದುಕೊಳ್ಳುವವರು ಅವರೇ. ಹೊಸ ಕಸುಬು ಕಟ್ಟುವವರು ಅವರನ್ನು ಕೂಲಿಗೋ ಪಾಲಿಗೋ ಸೇರಿಸಿಕೊಳ್ಳುವುದು ನ್ಯಾಯ. ಒಂದು ಎರೆಗೊಬ್ಬರ ತೊಟ್ಟಿಯನ್ನು ಹೆಂಗಸರ ಸ್ವಸಹಾಯ ಸಂಘ ನಡೆಸಿದರೆ ಲಾಭವೂ ಹಂಚುತ್ತದೆ, ಕಸವೂ ತಪ್ಪದೆ ಬಂದು ಸೇರುತ್ತದೆ.

ಕೈ ಹಾಕುವ ಮುನ್ನ

ಹೊಸ ಯಂತ್ರದ ಚಿತ್ರ ತೋರಿಸಿ ಸಹಾಯಧನದ ಆಸೆ ಹುಟ್ಟಿಸುವವರು ಬರುತ್ತಾರೆ. ನಮ್ಮ ಮಕ್ಕಳು ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಮನೆಯವರೆಲ್ಲ ಕುಳಿತು ಈ ಪ್ರಶ್ನೆಗಳಿಗೆ ಉತ್ತರ ಹುಡುಕಲಿ:

1. ಈ ಕಸ ವರ್ಷದಲ್ಲಿ ಎಷ್ಟು ತಿಂಗಳು ಸಿಗುತ್ತದೆ? ಇಂದು ಬಿಟ್ಟಿ ಕೊಡುವವರು ನಾಳೆ ಬೆಲೆ ಕೇಳಿದರೆ ಕಸುಬು ನಡೆಯುತ್ತದೆಯೇ?

2. ಮಾಡಿದ ವಸ್ತುವನ್ನು ಐವತ್ತು ಕಿಲೋಮೀಟರ್ ಒಳಗೆ ಕೊಳ್ಳುವವರು ಯಾರು? ಅವರಲ್ಲಿ ಹತ್ತು ಜನರನ್ನಾದರೂ ನಾವೇ ಹೋಗಿ ಕೇಳಿದ್ದೇವೆಯೇ?

3. ಸಹಾಯಧನ ಇಲ್ಲದಿದ್ದರೂ ಇದನ್ನು ಮಾಡುತ್ತಿದ್ದೆವೇ? ಇಲ್ಲ ಎಂದಾದರೆ ನಿಲ್ಲಿಸುವುದು ಲೇಸು.

4. ಮಾಡಿ ತೋರಿಸುವವರು ಹತ್ತಿರದಲ್ಲಿ ಇದ್ದಾರೆಯೇ? ಹೆಸರಘಟ್ಟದ ಸಂಸ್ಥೆಗೆ ಅಥವಾ ನಡೆಯುತ್ತಿರುವ ಘಟಕಕ್ಕೆ ಹೋಗಿ ಎರಡು ದಿನ ಕೆಲಸ ನೋಡಿದ್ದೇವೆಯೇ?

5. ಕೆಲಸದವರ ಆರೋಗ್ಯಕ್ಕೆ ಏನು ವ್ಯವಸ್ಥೆ? ನಾರಿನ ಪುಡಿ ಜರಡಿ ಹಿಡಿಯುವವರು ಮೂಗು ಬಾಯಿ ಮುಚ್ಚಬೇಕು, ಪುಡಿಗೆ ತುಸು ನೀರು ಚಿಮುಕಿಸಬೇಕು. ಕೋಳಿ ಗೊಬ್ಬರವನ್ನು ಹಸಿಯಾಗಿ ರಾಶಿ ಹಾಕಿದರೆ ನೊಣ ಏಳುತ್ತದೆ, ಮುಚ್ಚಿ ಕಳಿಸಬೇಕು. ಹಳೆಯ ಟ್ರೇಗಳನ್ನು ತೊಳೆದು ಸೋಂಕು ಕಳೆಯದೆ ಮತ್ತೆ ಬೀಜ ಹಾಕಿದರೆ ರೋಗ ಊರಿಗೆಲ್ಲ ಹಂಚಿದಂತೆ.

6. ನಮ್ಮ ಕಸುಬಿನಿಂದಲೂ ಕಸ ಉಳಿಯುತ್ತದೆ. ಅದನ್ನು ಯಾರಿಗೆ ಕೊಡುತ್ತೇವೆ?

ಈ ಆರಕ್ಕೂ ಉತ್ತರ ಸಿಕ್ಕಿದರೆ ಧೈರ್ಯವಾಗಿ ಚಿಕ್ಕದಾಗಿ ಆರಂಭಿಸಿ. ಒಂದು ತೊಟ್ಟಿ, ಐವತ್ತು ಟ್ರೇ, ಒಂದು ಬೆಳೆ. ಅದರ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡಿ. ನಷ್ಟವಾದರೆ ಚಿಕ್ಕ ನಷ್ಟ, ಕಲಿತದ್ದು ಮಾತ್ರ ದೊಡ್ಡದು. ಲಾಭವಾದರೆ ಪಕ್ಕದ ಹೊಲದವರಿಗೂ ತೋರಿಸಿ. ಅವರು ಪೈಪೋಟಿಗೆ ಬರುತ್ತಾರೆ ಎಂದು ಹೆದರಬೇಡಿ. ಒಬ್ಬನೇ ಮಾಡುವ ಕಡೆಗೆ ಕೊಳ್ಳುವವರ ಗಾಡಿ ಬರುವುದಿಲ್ಲ, ಹತ್ತು ಜನ ಮಾಡುವ ಊರಿಗೆ ಹುಡುಕಿಕೊಂಡು ಬರುತ್ತದೆ.